ನರೋರಾದ ಬೆಂಕಿ



ಅಣುಶಕ್ತಿ ಎಂದೊಡನೆ ಅದು ವಿಜ್ಞಾನಿಗಳ ವಿಷಯ, ನಮಗೇಕೆ ಎನ್ನುವುದು ವಾಡಿಕೆ. ಆದರೆ 1993ರ ಮಾರ್ಚ್ 31ರಂದು ಉತ್ತರ ಪ್ರದೇಶದಲ್ಲಿ, ಗಂಗೆಯ ದಡದ ನರೋರಾ ಅಣು ವಿದ್ಯುತ್ ಸ್ಥಾವರದಲ್ಲಿ ನಡೆದದ್ದನ್ನು ಗಿರಣಿಯಲ್ಲಿ ದುಡಿಯುವ ಯಾವ ಕಾರ್ಮಿಕನಾದರೂ ತಿಳಿಯಬಲ್ಲನು. ಅಂದು ಕೆಟ್ಟದ್ದು ಅಣುವಲ್ಲ, ಉಗಿಯಿಂದ ತಿರುಗುವ ಯಂತ್ರ.

ಬೆಳಗಿನ ಜಾವ ಸುಮಾರು 3.30, ರಾತ್ರಿ ಪಾಳಿ. ಮೊದಲನೆಯ ಘಟಕದ ಟರ್ಬೈನಿನ ಎರಡು ಅಲಗುಗಳು ಮುರಿದವು. ತೂಕ ತಪ್ಪಿದ ಯಂತ್ರ ನಡುಗಿತು. ಜನರೇಟರನ್ನು ತಂಪಾಗಿಡುವ ಜಲಜನಕ ಹೊರನುಗ್ಗಿ ಸಿಡಿಯಿತು, ಎಣ್ಣೆ ಹೊತ್ತಿಕೊಂಡಿತು, ಬೆಂಕಿ ಕೇಬಲುಗಳ ಗುಂಟ ಹರಿಯಿತು. ಇಂಥ ಅಲಗುಗಳನ್ನು ಮಾರ್ಪಡಿಸಬೇಕೆಂಬ ಸೂಚನೆ ಮೊದಲೇ ಬಂದಿತ್ತು, ಕಾಗದದಲ್ಲಿಯೇ ಉಳಿದಿತ್ತು.

ಆಪತ್ತಿಗೆಂದು ಬೇರೆಬೇರೆ ವಿದ್ಯುತ್ ಏರ್ಪಾಡುಗಳೇನೋ ಇದ್ದವು. ಆದರೆ ಅವುಗಳ ಕೇಬಲುಗಳೆಲ್ಲ ಒಟ್ಟಿಗೇ ಹಾಯ್ದಿದ್ದವು. ಅಂಗಡಿಗೆ ನಾಲ್ಕು ಬೀಗ ಜಡಿದು ನಾಲ್ಕು ಕೀಲಿಗಳನ್ನೂ ಒಂದೇ ಮೊಳೆಗೆ ತೂಗುಹಾಕಿದಂತೆ! ಎಲ್ಲವೂ ಸುಟ್ಟು, ಸುಮಾರು 17 ಗಂಟೆ ಆ ಘಟಕಕ್ಕೆ ವಿದ್ಯುತ್ತಿರಲಿಲ್ಲ. ಹೊಗೆ ತುಂಬಿ ನಿಯಂತ್ರಣ ಕೊಠಡಿಯನ್ನೇ ಬಿಡಬೇಕಾಯಿತು.

ರಿಯಾಕ್ಟರನ್ನು ನಿಲ್ಲಿಸಿದರೂ ಒಲೆಯ ಕೆಂಡದಂತೆ ಅದರ ಶಾಖ ಉಳಿದಿರುತ್ತದೆ. ಕೆಲಸಗಾರರು ಕೈಯಲ್ಲಿ ಟಾರ್ಚು ಹಿಡಿದು, ಕತ್ತಲೆಯಲ್ಲಿ ಮೇಲಕ್ಕೆ ಹತ್ತಿ, ಕವಾಟಗಳನ್ನು ಕೈಯಿಂದಲೇ ತಿರುಗಿಸಿ ಬೋರಾನ್ ದ್ರಾವಣವನ್ನು ಒಳಕ್ಕೆ ಇಳಿಬಿಟ್ಟರು. ಬೆಂಕಿ ನಂದಿಸಲೆಂದು ಇಟ್ಟಿದ್ದ ಡೀಸೆಲ್ ಪಂಪುಗಳ ನೀರು ಉಗಿ ಉತ್ಪಾದಕಗಳಿಗೆ ಹರಿಯಿತು. ವಿಕಿರಣ ಹೊರಬೀಳಲಿಲ್ಲ. ಅವರ ಹೆಸರುಗಳನ್ನು ನಾವು ಯಾವ ಪಾಠಪುಸ್ತಕದಲ್ಲಿಯೂ ಕಂಡಿಲ್ಲ.

ಕೇಬಲಿನ ಪಾಠ ಹೊಸದೇ? ಅಲ್ಲ. 1975ರಲ್ಲಿ ಅಮೆರಿಕದ ಬ್ರೌನ್ಸ್ ಫೆರಿ ಸ್ಥಾವರದಲ್ಲಿ ಗಾಳಿ ಸೋರುವ ಸಂದನ್ನು ಮೇಣದಬತ್ತಿಯಿಂದ ಹುಡುಕಹೋಗಿ ಸಾವಿರಕ್ಕೂ ಹೆಚ್ಚು ಕೇಬಲುಗಳು ಸುಟ್ಟಿದ್ದವು. ರಕ್ಷಣೆಯ ಕೇಬಲುಗಳನ್ನು ಬೇರ್ಪಡಿಸಿಡಬೇಕೆಂಬುದು ಜಗತ್ತಿಗೆ ಅಂದೇ ತಿಳಿದಿತ್ತು. ನರೋರಾದಲ್ಲಿ ಅದು ತಿಳಿದದ್ದು 18 ವರ್ಷಗಳ ಮೇಲೆ, ಬೆಂಕಿಯಿಂದ. ಆಮೇಲೆ ತಿದ್ದುಪಡಿಗಳಾದವು, ಇಲ್ಲವೆಂದು ನಾವು ಹೇಳುವುದಿಲ್ಲ.

ಆದರೆ ಆ ಘಟಕ ವಾಣಿಜ್ಯ ಉತ್ಪಾದನೆ ಆರಂಭಿಸಿದ್ದು 1991ರಲ್ಲಿ. ಇಂದು ಅದು ಮುಪ್ಪಿನ ಯಂತ್ರ. ಅದೇ 220 ಮೆಗಾವ್ಯಾಟಿನ ಭಾರಜಲ ಘಟಕಗಳು ನಮ್ಮ ಕೈಗಾದಲ್ಲಿಯೂ ಇವೆ. ಮೊದಲೆರಡು 2000ದಲ್ಲಿ ಶುರುವಾದವು. ಕೇಬಲಿನ ಹೊದಿಕೆಗೂ ವಯಸ್ಸಾಗುತ್ತದೆ, ಸೀಲಿಗೂ ವಯಸ್ಸಾಗುತ್ತದೆ. ಇದನ್ನು ನಿಮಗೆ ನಾವು ಹೇಳಬೇಕಾಗಿಲ್ಲ.

1995ರಲ್ಲಿ, ಎ. ಗೋಪಾಲಕೃಷ್ಣನ್ ಅವರು ಅಧ್ಯಕ್ಷರಾಗಿದ್ದಾಗ, ಅಣುಶಕ್ತಿ ನಿಯಂತ್ರಣ ಮಂಡಳಿಯು ದೇಶದ ಅಣು ಕೇಂದ್ರಗಳಲ್ಲಿನ ನೂರಮೂವತ್ತರಷ್ಟು ಸುರಕ್ಷತಾ ಸಮಸ್ಯೆಗಳನ್ನು ಪಟ್ಟಿ ಮಾಡಿತು. ಜನರು ಕೇಳಿದರು, ಗುಟ್ಟೆಂದು ವರದಿಯನ್ನು ಮುಚ್ಚಿಟ್ಟರು. ಟಾರ್ಚು ಹಿಡಿದು ಹತ್ತಬೇಕಾದವನಿಗೆ ಯಾವ ಗುಟ್ಟು, ಸ್ವಾಮಿ?