ಬಿಕ್ಕಟ್ಟು ಮುಗಿದರೂ ಕಷ್ಟ ಏಕೆ ಮುಗಿಯುವುದಿಲ್ಲ?

(ಜುಮಾ ಭಾಷಣದ ಸಾರಾಂಶ)



 

ಮದೀನಾದ ಮಸೀದಿಯೊಳಗೆ ನಡೆದ ಒಂದು ಜಗಳದಿಂದ ಇಂದಿನ ಮಾತು ಶುರು ಮಾಡುತ್ತೇನೆ. ಸಹಾಬಿ ಕಅಬ್ ಬಿನ್ ಮಾಲಿಕ್(ರ)ರಿಗೆ ಇಬ್ನ್ ಅಬೀ ಹದ್ರದ್(ರ)ರಿಂದ ಸಾಲ ಬರಬೇಕಿತ್ತು. ಮಸೀದಿಯಲ್ಲೇ ಕೇಳಿದರು. ಮಾತಿಗೆ ಮಾತು ಬೆಳೆದು ದನಿ ಏರಿತು. ಮನೆಯಲ್ಲಿದ್ದ ಪ್ರವಾದಿ(ಸ)ರಿಗೂ ಅದು ಕೇಳಿಸಿತು. ಅವರು ಪರದೆ ಸರಿಸಿ ಬಂದು, ಕಅಬ್‌ರನ್ನು ಕರೆದು, ಅರ್ಧ ಬಿಟ್ಟುಬಿಡಿ ಎಂದು ಕೈಸನ್ನೆ ಮಾಡಿದರು. ಕಅಬ್ ಒಪ್ಪಿದರು. ಕೂಡಲೇ ಪ್ರವಾದಿ(ಸ)ರು ಸಾಲಗಾರನ ಕಡೆಗೆ ತಿರುಗಿ, ಎದ್ದು ಉಳಿದದ್ದನ್ನು ತೀರಿಸುವಂತೆ ಹೇಳಿದರು. ಬುಖಾರಿಯಲ್ಲಿರುವ ಘಟನೆ ಇದು.

ಮದ್ರಸದಲ್ಲಿ ಇದನ್ನು ಓದಿದಾಗ, ಸಾಲ ಕೊಟ್ಟವನು ಕರುಣೆ ತೋರಬೇಕು ಎಂಬ ಪಾಠ ಮಾತ್ರ ನನಗೆ ಕಂಡಿತ್ತು. ಆಮೇಲೆ ಬಿ.ಎ.ಗೆ ಸೇರಿ ಅರ್ಥಶಾಸ್ತ್ರ ತೆಗೆದುಕೊಂಡೆ. ಮುಂದೆ 2008ರ ಅಮೆರಿಕದ ಕುಸಿತದ ಬಗ್ಗೆ ಓದುವಾಗ ಈ ಹದೀಸ್ ಮತ್ತೆ ನೆನಪಾಯಿತು. ಅದರಲ್ಲಿ ಕರುಣೆಯ ಜೊತೆಗೆ ಒಂದು ಲೆಕ್ಕವೂ ಇದೆ.

2008ರ ಸೆಪ್ಟೆಂಬರ್ 15ರಂದು ಲೇಮನ್ ಬ್ರದರ್ಸ್ ಎಂಬ ದೊಡ್ಡ ಸಂಸ್ಥೆ ದಿವಾಳಿ ಎಂದು ಅರ್ಜಿ ಹಾಕಿತು. ಮೂರು ವಾರ ಕಳೆಯುವಷ್ಟರಲ್ಲಿ ಬ್ಯಾಂಕುಗಳನ್ನು ಉಳಿಸಲು 70,000 ಕೋಟಿ ಡಾಲರ್‌ಗಳ ಕಾನೂನು ಸಿದ್ಧವಾಯಿತು. ವರ್ಷದ ಕೊನೆಗೆ ಕೇಂದ್ರ ಬ್ಯಾಂಕು ಬಡ್ಡಿ ದರವನ್ನು ಸೊನ್ನೆಯ ಹತ್ತಿರಕ್ಕೆ ಇಳಿಸಿತು. 2009ರ ಜೂನ್‌ಗೆ ಹಿಂಜರಿತ ಮುಗಿಯಿತು ಎಂದು ಲೆಕ್ಕ ಹಾಕುವವರು ಬರೆದರು. ಆದರೆ ಅದೇ ವರ್ಷದ ಅಕ್ಟೋಬರ್‌ನಲ್ಲಿ ನಿರುದ್ಯೋಗ ಶೇ. 10ಕ್ಕೆ ಏರಿತು. ಕಳೆದುಹೋದಷ್ಟು ಉದ್ಯೋಗಗಳು ಮರಳಿ ಬರಲು 2014ರವರೆಗೆ ಕಾಯಬೇಕಾಯಿತು. ಬ್ಯಾಂಕುಗಳಿಗೆ ಇಷ್ಟು ಹಣ ಹೋದ ಮೇಲೂ ಹೀಗೇಕಾಯಿತು?

ಒಂದು ಸಣ್ಣ ಲೆಕ್ಕ ಮಾಡೋಣ. ನೂರು ರೂಪಾಯಿಯ ಮನೆ ಎಂದಿಟ್ಟುಕೊಳ್ಳಿ. ಕೊಂಡವನು ತನ್ನ ದುಡಿಮೆಯ 20 ರೂಪಾಯಿ ಹಾಕಿ 80 ರೂಪಾಯಿ ಸಾಲ ಮಾಡಿದ. ಮನೆಯ ಬೆಲೆ 70ಕ್ಕೆ ಬಿತ್ತು. ನಷ್ಟ 30 ರೂಪಾಯಿ. ಈ ನಷ್ಟ ಯಾರದ್ದು? ಕರಾರಿನ ಪ್ರಕಾರ ಬ್ಯಾಂಕಿಗೆ ಬರಬೇಕಾದ 80 ಹಾಗೆಯೇ ಇದೆ. ಮನೆಯವನ 20 ರೂಪಾಯಿ ಪೂರ್ತಿ ಹೋಯಿತು, ಮೇಲೆ 10 ರೂಪಾಯಿ ಹೊರೆಯೂ ಬಂತು. ಇಬ್ಬರೂ ಸೇರಿ ಮಾಡಿದ ವ್ಯವಹಾರದಲ್ಲಿ ಬಂದ ನಷ್ಟವನ್ನು ಇಬ್ಬರಲ್ಲಿ ಬಡವನೇ ಹೊರಬೇಕಾಯಿತು.

ಅಂಥವನು ಏನು ಮಾಡುತ್ತಾನೆ? ಮಕ್ಕಳಿಗೆ ಹೊಸ ಬಟ್ಟೆ ಬೇಡ ಎನ್ನುತ್ತಾನೆ. ಹಳೆಯ ಕಾರನ್ನೇ ಇನ್ನಷ್ಟು ವರ್ಷ ಓಡಿಸುತ್ತಾನೆ. ಹೊರಗೆ ಊಟ ಮಾಡುವುದನ್ನು ಬಿಡುತ್ತಾನೆ. ಒಬ್ಬ ಹೀಗೆ ಮಾಡಿದರೆ ಜಾಣತನ. ಬೀದಿಯ ಎಲ್ಲರೂ ಒಮ್ಮೆಗೇ ಮಾಡಿದರೆ? ಹೋಟೆಲು ಮುಚ್ಚುತ್ತದೆ, ಅಲ್ಲಿ ತಟ್ಟೆ ತೊಳೆಯುವವನ ಕೆಲಸ ಹೋಗುತ್ತದೆ. ಅವನು ಯಾರಿಂದಲೂ ಒಂದು ಪೈಸೆ ಸಾಲ ಮಾಡಿದವನಲ್ಲ. ಅತಿಫ್ ಮಿಯಾನ್ ಮತ್ತು ಅಮೀರ್ ಸೂಫಿ ಎಂಬ ಅರ್ಥಶಾಸ್ತ್ರಜ್ಞರು 2014ರಲ್ಲಿ ಬರೆದ ಪುಸ್ತಕದಲ್ಲಿ ಇದನ್ನೇ ಅಂಕಿಅಂಶಗಳೊಂದಿಗೆ ತೋರಿಸಿದ್ದಾರೆ. ಮನೆ ಸಾಲದ ಹೊರೆ ಹೆಚ್ಚಿದ್ದ ಜಿಲ್ಲೆಗಳಲ್ಲಿ ಅಂಗಡಿ, ಹೋಟೆಲುಗಳ ಕೆಲಸಗಳು ಹೆಚ್ಚು ಹೋದವು. ಅಲ್ಲಿಗೆ ಸರಕು ಕಳಿಸುತ್ತಿದ್ದ ಕಾರ್ಖಾನೆಗಳಾದರೋ ಬೇರೆ ಎಲ್ಲೋ ಇದ್ದವು. ಮನೆ ಬೆಲೆ ಅಷ್ಟೇನೂ ಏರಿಳಿಯದ ಊರುಗಳ ಕಾರ್ಮಿಕರಿಗೂ ಪೆಟ್ಟು ಬಿತ್ತು. ಬ್ಯಾಂಕಿನ ಬಾಗಿಲು ತೆರೆದೇ ಇತ್ತು, ಸಾಲವೂ ಅಗ್ಗವಾಗಿತ್ತು. ಆದರೆ ಕತ್ತಿನವರೆಗೆ ಸಾಲದಲ್ಲಿ ಮುಳುಗಿದವನಿಗೆ ಇನ್ನೊಂದು ಸಾಲ ಏಕೆ ಬೇಕು?

ಮನೆ ಸಾಲಗಾರರಿಗೂ ಒಂದು ಯೋಜನೆ ಬಂತು. 2009ರಲ್ಲಿ ಘೋಷಿಸುವಾಗ 30ರಿಂದ 40 ಲಕ್ಷ ಕುಟುಂಬಗಳಿಗೆ ನೆರವು ಎಂದರು. ಮೊದಲ ಮೂರು ವರ್ಷಗಳಲ್ಲಿ ಅದು ಗುರಿಯ ಅರ್ಧಕ್ಕೂ ತಲುಪಲಿಲ್ಲ. ಬಡ್ಡಿ ಇಳಿಸುತ್ತಿದ್ದರು, ಅವಧಿ ಹಿಗ್ಗಿಸುತ್ತಿದ್ದರು. ಅಸಲು ಕಡಿಮೆ ಮಾಡಿ ಎಂದರೆ ಮಾತ್ರ ಹಿಂದೇಟು. ಸ್ಪೇನ್‌ನಲ್ಲಿ ಇನ್ನೂ ಕೆಟ್ಟ ಪರಿಸ್ಥಿತಿ. ಅಲ್ಲಿ ಮನೆ ಜಪ್ತಿಯಾದ ಮೇಲೂ ಬಾಕಿ ಸಾಲ ತಲೆಯ ಮೇಲೆಯೇ ಉಳಿಯುತ್ತಿತ್ತು. 2013ರಲ್ಲಿ ಆ ದೇಶದ ನಿರುದ್ಯೋಗ ಶೇ. 26ನ್ನು ದಾಟಿತ್ತು. ಆ ವರ್ಷದ ಮಾರ್ಚ್‌ನಲ್ಲಿ ಯುರೋಪಿನ ನ್ಯಾಯಾಲಯ, ಮನೆ ಕಳೆದುಕೊಂಡ ಒಬ್ಬ ವಲಸಿಗ ಕಾರ್ಮಿಕನ ಮೊಕದ್ದಮೆಯಲ್ಲಿ, ಸಾಲಗಾರನಿಗೆ ರಕ್ಷಣೆ ಕೊಡದ ಆ ದೇಶದ ಜಪ್ತಿ ಕಾನೂನು ಸರಿಯಿಲ್ಲ ಎಂದು ತೀರ್ಪು ಕೊಟ್ಟಿತು.

ಬೇರೆ ದಾರಿ ಇರಲಿಲ್ಲವೇ? ಇತ್ತು. 1933ರ ಮಹಾ ಕುಸಿತದ ನಡುವೆ ಅದೇ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಒಂದು ಸಂಸ್ಥೆ ಸ್ಥಾಪಿಸಿದರು. ಅದು ಸುಮಾರು 10 ಲಕ್ಷ ಮನೆ ಸಾಲಗಳನ್ನು ಬ್ಯಾಂಕುಗಳಿಂದ ತಾನೇ ಕೊಂಡು, 15 ವರ್ಷಗಳ ಹಗುರ ಕಂತುಗಳನ್ನಾಗಿ ಮಾಡಿಕೊಟ್ಟಿತು. ಐಸ್‌ಲ್ಯಾಂಡ್‌ನಲ್ಲಿ 2008ರಲ್ಲಿ ಮೂರು ದೊಡ್ಡ ಬ್ಯಾಂಕುಗಳೂ ಬಿದ್ದವು. ಆಮೇಲೆ ಅಲ್ಲಿ, ಮನೆಯ ಬೆಲೆಯ ಶೇ. 110ಕ್ಕಿಂತ ಮೇಲಿದ್ದ ಸಾಲವನ್ನು ಮನ್ನಾ ಮಾಡುವ ಒಪ್ಪಂದಕ್ಕೆ ಬಂದರು. ಎರಡೂ ಕಡೆ ಬಡ್ಡಿ ಇತ್ತು, ಅದನ್ನು ನಾನು ಸಮರ್ಥಿಸುತ್ತಿಲ್ಲ. ನಷ್ಟವನ್ನು ಇಬ್ಬರೂ ಹಂಚಿಕೊಳ್ಳಬೇಕು ಎಂಬ ಬುದ್ಧಿ ಅವರಿಗೆ ಬಂದಿತ್ತು ಎಂದಷ್ಟೇ ಹೇಳುತ್ತಿದ್ದೇನೆ.

ಕುರ್‌ಆನಿನ ಅಲ್‌ಬಕರ ಅಧ್ಯಾಯವನ್ನು ತೆರೆದು ನೋಡಿ. ಬಡ್ಡಿಯನ್ನು ನಿಷೇಧಿಸುವ ವಚನಗಳ ಬೆನ್ನಿಗೇ 280ನೇ ವಚನ ಬರುತ್ತದೆ. ಬಡ್ಡಿಯೇನೋ ಹೋಯಿತು, ಅಸಲು ಕೊಡಲೂ ಆಗದವನ ಗತಿ ಏನು ಎಂಬುದೇ ಅದರ ವಿಷಯ. ಕೈ ಸುಧಾರಿಸುವವರೆಗೆ ಅವನಿಗೆ ಸಮಯ ಕೊಡುವುದು ಅಲ್ಲಿ ಆದೇಶ. ಬಿಟ್ಟುಕೊಡುವುದನ್ನು ಅದಕ್ಕಿಂತ ಮೇಲೆ ಇಡಲಾಗಿದೆ. ನಾವು ಬಡ್ಡಿಯ ವಚನಗಳನ್ನು ಬಾಯಿಪಾಠ ಮಾಡಿ, ಅದರ ಮುಂದಿನದಕ್ಕೆ ಬಂದಾಗ ಪುಟ ಮಗುಚುತ್ತೇವೆ.

ಸಹೀಹ್ ಮುಸ್ಲಿಮ್‌ನಲ್ಲಿ ಇನ್ನೊಂದು ಘಟನೆಯಿದೆ. ಒಬ್ಬರು ಹಣ್ಣಿನ ವ್ಯಾಪಾರದಲ್ಲಿ ನಷ್ಟ ಅನುಭವಿಸಿ ಸಾಲದಲ್ಲಿ ಮುಳುಗಿದರು. ಅವರಿಗೆ ಸದಕಾ ಕೊಡುವಂತೆ ಪ್ರವಾದಿ(ಸ)ರು ಜನರಿಗೆ ಹೇಳಿದರು. ಜನ ಕೊಟ್ಟರು, ಆದರೂ ಸಾಲ ತೀರುವಷ್ಟು ಸೇರಲಿಲ್ಲ. ಆಗ ಸಾಲ ಕೊಟ್ಟವರನ್ನು ಕರೆದು, ಸಿಕ್ಕಿದ್ದನ್ನು ತೆಗೆದುಕೊಳ್ಳಿ, ಅದಕ್ಕಿಂತ ಹೆಚ್ಚು ನಿಮಗಿಲ್ಲ ಎಂದು ತೀರ್ಮಾನಿಸಿದರು. ಇಲ್ಲಿ ಸಮುದಾಯ ಒಂದಷ್ಟು ಹೊತ್ತಿತು, ಸಾಲ ಕೊಟ್ಟವರು ಒಂದಷ್ಟು ಹೊತ್ತರು. ಆ ವ್ಯಾಪಾರಿ ಮರುದಿನ ಮತ್ತೆ ಸಂತೆಗೆ ಹೋಗಬಹುದಾದ ಮನುಷ್ಯನಾಗಿ ಉಳಿದರು.

ಇಲ್ಲಿ ಕೆಲವರ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುತ್ತದೆ. ಹೀಗಾದರೆ ಯಾರೂ ಸಾಲ ತೀರಿಸುವುದಿಲ್ಲವಲ್ಲ ಮೌಲಾನಾ? ಅಮೆರಿಕದವರೂ ಇದನ್ನೇ ಕೇಳಿದರು. ಪ್ರಶ್ನೆ ತಪ್ಪಲ್ಲ. ಉತ್ತರ ನಮ್ಮ ರಾಜ್ಯದಲ್ಲೇ ಇದೆ. 2009ರಲ್ಲಿ ಕೋಲಾರದ ಅಂಜುಮನ್, ಮೈಕ್ರೋ ಫೈನಾನ್ಸ್ ಸಂಸ್ಥೆಗಳೊಂದಿಗೆ ವ್ಯವಹಾರ ಬೇಡ ಎಂದು ಸಮುದಾಯಕ್ಕೆ ತಾಕೀತು ಮಾಡಿತು. ಕೋಲಾರ, ಶಿಡ್ಲಘಟ್ಟ, ರಾಮನಗರಗಳಲ್ಲಿ ಸಾವಿರಾರು ಹೆಣ್ಣುಮಕ್ಕಳು ಕಂತು ನಿಲ್ಲಿಸಿದರು. ಅವರ ಕಷ್ಟ ಸುಳ್ಳಾಗಿರಲಿಲ್ಲ. ಒಂದೇ ಮನೆಗೆ ಮೂರು ನಾಲ್ಕು ಸಂಸ್ಥೆಗಳ ಸಾಲ, ವಾರ ವಾರ ಕಂತು, ಮನೆ ಬಾಗಿಲಲ್ಲಿ ಏರುದನಿ. ರೇಷ್ಮೆ ನೂಲು ಬಿಚ್ಚುವ ಮನೆಗಳ ಸಂಪಾದನೆ ಆ ಕಂತುಗಳಿಗೆ ಸಾಲುತ್ತಿರಲಿಲ್ಲ. ಆದರೆ ಕೊಡಬಲ್ಲವರು, ಕೊಡಲಾರದವರು ಎಂಬ ಭೇದವಿಲ್ಲದೆ ಎಲ್ಲರದ್ದೂ ನಿಂತಿತು. ಗುಂಪಿನ ಸಾಲ ಎಂದರೆ ಒಬ್ಬಳು ಕಟ್ಟದಿದ್ದರೆ ಉಳಿದವರ ಮೇಲೆ ಬೀಳುತ್ತದೆ. ಪ್ರಾಮಾಣಿಕವಾಗಿ ಕಟ್ಟುತ್ತಿದ್ದವಳಿಗೂ ಮುಂದಿನ ಸಾಲ ಇಲ್ಲವಾಯಿತು. ಮುಂದೆ ಕೈಚಾಚಲು ಉಳಿದದ್ದು ಬೀದಿಯ ಬಡ್ಡಿ ವ್ಯಾಪಾರಿ.

ಕೊಡಲು ಶಕ್ತಿಯಿದ್ದೂ ತಡ ಮಾಡುವುದನ್ನು ಪ್ರವಾದಿ(ಸ)ರು ಅನ್ಯಾಯ ಎಂದಿದ್ದಾರೆ. ಕಅಬ್‌ರ ಘಟನೆಯಲ್ಲಿ ಅರ್ಧ ಬಿಡಿ ಎಂದು ಹೇಳಿದ ಉಸಿರಿನಲ್ಲೇ, ಉಳಿದದ್ದನ್ನು ಈಗಲೇ ಕೊಡು ಎಂದೂ ಹೇಳಿದ್ದನ್ನು ಮರೆಯಬೇಡಿ. ಆ ಎರಡನೆಯ ಮಾತು ಕೋಲಾರದಲ್ಲಿ ಬಿಟ್ಟುಹೋಯಿತು. ಅಮೆರಿಕದಲ್ಲಿ ಮೊದಲನೆಯದನ್ನು ಬಿಟ್ಟರು.

ಈಗ ನಮ್ಮ ವಿಷಯ. ಹೆಸರು ಹೇಳುವುದಿಲ್ಲ, ಊಹಿಸಲೂ ಹೋಗಬೇಡಿ. ಈ ಜಮಾಅತಿನ ಒಬ್ಬ ಸಹೋದರ ಕಳೆದ ರಮಝಾನ್ ನಂತರ ನಮ್ಮ ಮಸೀದಿಗೆ ಬರುವುದನ್ನು ನಿಲ್ಲಿಸಿದ್ದಾರೆ. ಜುಮಾಗೆ ಎರಡು ಮೈಲಿ ನಡೆದು ಬೇರೆ ಮಸೀದಿಗೆ ಹೋಗುತ್ತಾರೆ. ಏಕೆಂದು ಕೇಳಿದೆ. ಮೊದಲ ಸಾಲಿನಲ್ಲಿ ಅವರಿಗೆ ಸಾಮಾನು ಉದ್ರಿ ಕೊಟ್ಟ ಅಂಗಡಿಯವರು ನಿಲ್ಲುತ್ತಾರೆ. ಲಾಕ್‌ಡೌನ್ ಕಾಲದಲ್ಲಿ ಶುರುವಾದ ಬಾಕಿ ಅದು. ಅಂಗಡಿಯವರೂ ಕೆಟ್ಟವರಲ್ಲ. ಅವರೂ ಸಗಟು ವ್ಯಾಪಾರಿಗೆ ಕೊಡಬೇಕು. ಒಂದು ದಿನ ಮಸೀದಿಯ ಮೆಟ್ಟಿಲಲ್ಲಿ ನಾಲ್ಕು ಜನರ ಮುಂದೆ ಕೇಳಿದರು, ಅಷ್ಟೆ. ಸಾಲಗಾರ ಸಹೋದರ ಈಗ ಸಾಮಾನು ಬೇರೆ ಕಡೆ ತರುತ್ತಾರೆ. ಅಂಗಡಿಯವರಿಗೆ ಹಳೆಯ ಬಾಕಿಯೂ ಬರಲಿಲ್ಲ, ಗಿರಾಕಿಯೂ ಹೋದ. ಮೆಟ್ಟಿಲಲ್ಲಿ ಆ ದಿನ ನಾನೂ ಇದ್ದೆ. ಒಳಗೆ ಕರೆದು ಕೂರಿಸಿ ಮಾತಾಡಿಸಬೇಕಾಗಿತ್ತು. ಚಪ್ಪಲಿ ಹಾಕಿಕೊಂಡು ಮನೆಗೆ ಹೋದೆ.

ಝಕಾತ್ ಪಡೆಯಲು ಅರ್ಹರಾದ ಎಂಟು ವರ್ಗಗಳಲ್ಲಿ ಸಾಲದಲ್ಲಿ ಮುಳುಗಿದವರೂ ಒಂದು ವರ್ಗ. ಅತ್ತೌಬ ಅಧ್ಯಾಯದ 60ನೇ ವಚನ ನೋಡಿ. ನಮ್ಮ ಝಕಾತ್ ಪಟ್ಟಿಯಲ್ಲಿ ವಿಧವೆಯರಿದ್ದಾರೆ, ವಿದ್ಯಾರ್ಥಿಗಳಿದ್ದಾರೆ. ಸಾಲಗಾರರ ಹೆಸರು ಒಂದೂ ಇಲ್ಲ. ಅವರು ಕೇಳಲು ನಾಚುತ್ತಾರೆ, ನಾವು ಹುಡುಕುವುದಿಲ್ಲ.

ಕಮಿಟಿಯವರ ಜೊತೆ ಮಾತಾಡಿದ್ದೇನೆ. ಬರುವ ಭಾನುವಾರದಿಂದ ಅಸರ್ ನಮಾಝಿನ ನಂತರ ನಾನು ಪಕ್ಕದ ಕೋಣೆಯಲ್ಲಿರುತ್ತೇನೆ. ಉದ್ರಿ ಪುಸ್ತಕ ಇರುವವರು ಪುಸ್ತಕ ತನ್ನಿ. ಬಾಕಿ ಇರುವವರು ತಿಂಗಳಿಗೆ ಎಷ್ಟು ಕೊಡಬಹುದು ಎಂಬ ನಿಜವಾದ ಲೆಕ್ಕ ತನ್ನಿ. ಒಬ್ಬೊಬ್ಬರಾಗಿ ಬನ್ನಿ, ಬಾಗಿಲು ಮುಚ್ಚಿರುತ್ತದೆ. ಮೊದಲ ಭಾನುವಾರ ಎರಡು ಮೈಲಿ ನಡೆದು ಹೋಗುವ ಆ ಸಹೋದರರನ್ನು ಕರೆತರಲು ನಾನೇ ಹೋಗುತ್ತೇನೆ.