ಆಟದ ಕಟ್ಟಳೆಯಲ್ಲಿ ಆಡುವವರ ಪಾಲು



ಚೌಕಾಬಾರ ನಿಮಗೆ ಹೊಸದೇನಲ್ಲ. ಬಾದಾಮಿಯಿರಲಿ, ಹುನಗುಂದವಿರಲಿ, ನೆಲದ ಮೇಲೆ ಐದಕ್ಕೆ ಐದು ಮನೆಗಳ ಗೆರೆ ಎಳೆದು, ನಾಲ್ಕು ಕವಡೆ ಹಿಡಿದು ಕುಳಿತರೆ ಆಟ ಸಿದ್ಧ. ಆದರೆ ಪರ ಊರಿನ ನೆಂಟರು ಜೊತೆಗೆ ಕುಳಿತರೆ ಕವಡೆ ಉರುಳುವುದಕ್ಕೂ ಮೊದಲು ಮಾತು ಉರುಳುತ್ತದೆ. “ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಮನೆಗೆ ಹೋಗುವ ಹಾಗಿಲ್ಲ” ಎಂದು ಒಬ್ಬರು. “ನಮ್ಮೂರಾಗ ಹಂಗಿಲ್ಲರೀ” ಎಂದು ಇನ್ನೊಬ್ಬರು. ಸ್ವಲ್ಪ ಹೊತ್ತು ವಾದ, ಆಮೇಲೆ ಒಪ್ಪಂದ, ಆಮೇಲೆ ಆಟ. ಇಲ್ಲಿ ಕಟ್ಟಳೆ ಮಾಡುವವರೂ ಆಡುವವರೇ, ತಿದ್ದುವವರೂ ಆಡುವವರೇ.

ವಿಡಿಯೋ ಗೇಮ್ ಬಂದಾಗ ಈ ಹಕ್ಕು ಕೈತಪ್ಪಿತು. ಅಲ್ಲಿ ಕಟ್ಟಳೆಗಳು ಮಾತಿನಲ್ಲಿರುವುದಿಲ್ಲ, ಪ್ರೋಗ್ರಾಂನಲ್ಲಿ ಇರುತ್ತವೆ. ಎಷ್ಟು ಎತ್ತರ ಜಿಗಿಯಬಹುದು, ಎಷ್ಟು ಪೆಟ್ಟಿಗೆ ಸೋಲು ಎಂಬುದೆಲ್ಲ ಮೊದಲೇ ಲೆಕ್ಕವಾಗಿ ಯಂತ್ರದೊಳಗೆ ಕುಳಿತಿರುತ್ತದೆ. ಯಂತ್ರದೊಡನೆ ವಾದಿಸಲಾದೀತೇ? ಆಡುವವರಿಗೆ ಉಳಿದದ್ದು ಎರಡೇ ದಾರಿ: ಒಪ್ಪಿ ಆಡುವುದು, ಇಲ್ಲವೇ ಎದ್ದು ಹೋಗುವುದು.

ಆದರೆ ಆಡುವವರು ಸುಮ್ಮನಿರಲಿಲ್ಲ, ಜಾಣ ತಯಾರಕರೂ ಕಣ್ಣು ಮುಚ್ಚಿ ಕೂಡಲಿಲ್ಲ. 1998ರಲ್ಲಿ ಬಂದ ‘ಹಾಫ್ ಲೈಫ್’ ಆಟವನ್ನು ಸಿದ್ಧಪಡಿಸುವಾಗ ಅಮೆರಿಕದ ವಾಲ್ವ್ ಸಂಸ್ಥೆ ಹೊರಗಿನವರನ್ನು ಕರೆದು ಆಡಿಸಿತು. ತಯಾರಿಸಿದವರು ಪಕ್ಕದಲ್ಲಿ ಕುಳಿತು, ಬಾಯಿ ಬಿಡದೆ, ಎಲ್ಲಿ ತಡವರಿಸುತ್ತಾರೆ, ಎಲ್ಲಿ ಬೇಸರಪಡುತ್ತಾರೆ ಎಂದು ಬರೆದುಕೊಂಡರು. ಮರುವರ್ಷವೇ ಇಬ್ಬರು ತರುಣರು ಆ ಆಟವನ್ನು ತಮಗೆ ಬೇಕಾದಂತೆ ಬದಲಾಯಿಸಿ ‘ಕೌಂಟರ್ ಸ್ಟ್ರೈಕ್’ ಎಂಬ ಹೊಸ ಆಟವನ್ನೇ ಹುಟ್ಟುಹಾಕಿದರು. 2000ದಲ್ಲಿ ಅದೇ ಸಂಸ್ಥೆ ಅದನ್ನು ತನ್ನದಾಗಿಸಿಕೊಂಡು ಮಾರಾಟಕ್ಕೆ ತಂದಿತು. ‘ಮೈನ್‌ಕ್ರಾಫ್ಟ್’ ಇನ್ನೂ ಅರೆಬೆಂದಿದ್ದಾಗಲೇ, 2009ರಲ್ಲಿ, ಆಡುವವರ ಕೈ ಸೇರಿತು. ಅವರ ಅನುಭವ ಕೇಳುತ್ತಾ ತಿದ್ದುತ್ತಾ ಅದು ಪೂರ್ಣರೂಪ ಪಡೆದದ್ದು 2011ರಲ್ಲಿ. ಬ್ರಿಟನ್ನಿನ ಜ್ಯಾಗೆಕ್ಸ್ ಸಂಸ್ಥೆ ಇನ್ನೂ ಮುಂದೆ ಹೋಯಿತು. 2013ರಲ್ಲಿ ಆರಂಭವಾದ ‘ಓಲ್ಡ್ ಸ್ಕೂಲ್ ರೂನ್‌ಸ್ಕೇಪ್’ ಆಟಕ್ಕೆ ಹೊಸದೇನನ್ನಾದರೂ ಸೇರಿಸಬೇಕಾದರೆ ಮತ ಹಾಕಿದವರಲ್ಲಿ ನೂರಕ್ಕೆ 75 ಮಂದಿ ಒಪ್ಪಬೇಕೆಂಬ ಪದ್ಧತಿ ತಂದಿತು.

ಹಣದ ವಿಷಯದಲ್ಲಿಯೂ ಆಡುವವರ ದನಿಗೆ ಬೆಲೆ ಇದೆ. 2017ರ ನವೆಂಬರಿನಲ್ಲಿ ‘ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2’ ಬಿಡುಗಡೆಯಾಗುವಾಗ, ಆಟ ಕೊಂಡವರು ಒಳಗೆ ಮತ್ತೆ ಹಣ ತೆತ್ತರೆ ಬೇಗ ಬಲಶಾಲಿಗಳಾಗುವ ಏರ್ಪಾಡಿತ್ತು. ಆಡುವವರು ಎಷ್ಟು ಜೋರಾಗಿ ವಿರೋಧಿಸಿದರೆಂದರೆ, ಬಿಡುಗಡೆಯ ಹೊತ್ತಿಗೆ ತಯಾರಕರು ಆ ಮಾರಾಟವನ್ನು ತಡೆಹಿಡಿಯಬೇಕಾಯಿತು.

ಹಾಗಾದರೆ ಆಡುವವರು ಹೇಳಿದ್ದೆಲ್ಲ ವೇದವಾಕ್ಯವೇ? ಬಾದಾಮಿಯ ಬನಶಂಕರಿ ಜಾತ್ರೆಗೆ ಹೋದವರು ನಾಟಕ ಕಂಪನಿಗಳ ಡೇರೆಯಲ್ಲಿ ‘ಒನ್ಸ್ ಮೋರ್’ ಕೂಗು ಕೇಳಿದ್ದೀರಿ. ಪ್ರೇಕ್ಷಕರು ಕೇಳಿದರೆ ನಟ ಹಾಡನ್ನು ಮತ್ತೆ ಹಾಡುತ್ತಾನೆ. ಆದರೆ ಕೊನೆಯ ದೃಶ್ಯವನ್ನು ಬರೆಯಬೇಕಾದವನು ಕವಿಯೇ. ಕಾರ್ಯಕ್ರಮ ನಿರ್ಮಾಪಕನಾದ ನನಗೆ ವೀಕ್ಷಕರ ಪತ್ರಗಳು ಕಲಿಸಿದ ಪಾಠವೂ ಇದೇ. “ಕಾರ್ಯಕ್ರಮ ಬಹಳ ಉದ್ದವಾಯಿತು” ಎಂದು ಬರೆದರೆ, ಕೆಲವೊಮ್ಮೆ ಉದ್ದವೇ ದೋಷ. ಕೆಲವೊಮ್ಮೆ ಮೊದಲ ಐದು ನಿಮಿಷದಲ್ಲಿ ವಿಷಯ ತಿಳಿಯಾಗಲಿಲ್ಲವೆಂಬುದೇ ನಿಜವಾದ ದೋಷ. ನೋವು ಎಲ್ಲಿದೆಯೆಂದು ರೋಗಿ ಹೇಳಬಲ್ಲ, ಔಷಧಿಯನ್ನು ವೈದ್ಯರು ಹುಡುಕಬೇಕು. ಇನ್ನೊಂದು ಮಾತು: ಬರೆಯುವವರು ಕೆಲವರು, ಬೇಸರಗೊಂಡು ಸುಮ್ಮನೆ ಎದ್ದುಹೋಗುವವರು ಹಲವರು. ಜೋರು ದನಿಯನ್ನಷ್ಟೇ ಕೇಳಿದರೆ ಈ ಹಲವರು ಲೆಕ್ಕಕ್ಕೇ ಬರುವುದಿಲ್ಲ. ಅದಕ್ಕೇ ಬಾಯಿಮಾತಿನ ಜೊತೆಗೆ, ಆಡುವವರು ಎಲ್ಲಿ ಆಟ ಬಿಟ್ಟರೆಂಬ ಅಂಕಿಅಂಶವನ್ನೂ ನೋಡಬೇಕೆಂದು ವಿಜ್ಞಾನ ಓದಿದ ನನ್ನ ಮನಸ್ಸು ಹೇಳುತ್ತದೆ.

ಕೇಳುವುದಕ್ಕೂ ಒಂದು ಕಾಲವಿದೆ. ಇಳಕಲ್ ಸೀರೆಯನ್ನೇ ನೋಡಿ. ಅಲ್ಲಿನ ನೇಕಾರರು ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಕೊಂಡಿ ಹಾಕಿ ಜೋಡಿಸಿ ನೇಯುತ್ತಾರೆ. ಉಡುವವರು ಬಣ್ಣದ ಮಾತು ಹೇಳಬೇಕಾದರೆ ಹಾಸು ಮಗ್ಗಕ್ಕೇರುವ ಮೊದಲೇ ಹೇಳಬೇಕು. ನೇಯ್ದು ಮುಗಿದ ಮೇಲೆ ಒಡಲಿನ ಬಣ್ಣ ಬದಲಿಸಿ ಎಂದರೆ ಸೀರೆಯನ್ನೇ ಬಿಚ್ಚಬೇಕಾದೀತು. ಆಟ ತಯಾರಿಕೆಯೂ ಹೀಗೆಯೇ. ಮೊದಲ ಹಂತದಲ್ಲಿ ಕೇಳಿದ ಮಾತಿಗೆ ಖರ್ಚು ಕಡಿಮೆ. ಕೊನೆಯಲ್ಲಿ ಕೇಳುವುದು ಬರೀ ಉಪಚಾರವಾಗುತ್ತದೆ.

ಈಗ ನಮ್ಮ ಮಕ್ಕಳ ಮಾತಿಗೆ ಬರೋಣ. ಬೆಂಗಳೂರಿನಲ್ಲಿ ಧ್ರುವ ಇಂಟರಾಕ್ಟಿವ್ ಎಂಬ ಆಟ ತಯಾರಿಕೆಯ ಸಂಸ್ಥೆ ಹುಟ್ಟಿದ್ದು 1997ರಲ್ಲಿ, ಅಂದರೆ ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದ ವರ್ಷದಲ್ಲಿಯೇ. ಆದರೆ ಅದು ಮಾಡಿದ ಕೆಲಸದಲ್ಲಿ ಹೆಚ್ಚಿನ ಪಾಲು ಹೊರದೇಶದ ಸಂಸ್ಥೆಗಳ ಆಟಗಳಿಗೆ ಚಿತ್ರಕಲೆ ಒದಗಿಸುವುದಾಗಿತ್ತು. ಇಂದು ಹುನಗುಂದದ ಹುಡುಗ ಮೊಬೈಲಿನಲ್ಲಿ ಆಡುವ ಆಟದ ಕಟ್ಟಳೆ ಎಲ್ಲೋ ದೂರದಲ್ಲಿ, ಅವನ ಭಾಷೆಯಲ್ಲದ ಭಾಷೆಯಲ್ಲಿ ಸಿದ್ಧವಾಗುತ್ತದೆ. ಅವನನ್ನು ಕೇಳಿದವರಾರು? 2025ರ ಆಗಸ್ಟಿನಲ್ಲಿ ನಮ್ಮ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಮಾಡಿತು. ಕಾನೂನು ಕೆಡುಕನ್ನು ತಡೆಯಬಹುದು, ಒಳ್ಳೆಯ ಆಟ ಹೇಗಿರಬೇಕೆಂದು ಹೇಳಲಾರದು. ಅದನ್ನು ಆಡುವವರೇ ಹೇಳಬೇಕು. ಹೇಳುವುದಕ್ಕೆ ಕಟ್ಟಳೆ ಹೇಗೆ ಹುಟ್ಟುತ್ತದೆಂಬ ತಿಳಿವಳಿಕೆ ಬೇಕು.

ಅದಕ್ಕೆ ಶಾಲೆಯೇ ತಕ್ಕ ಜಾಗ. ಅಮೆರಿಕದ ಎಂ.ಐ.ಟಿ. ಸಂಸ್ಥೆ 2007ರಲ್ಲಿ ಹೊರತಂದ ‘ಸ್ಕ್ರ್ಯಾಚ್’ ಎಂಬ ಸಾಧನವನ್ನು ಹಣ ಕೊಡದೆ ಬಳಸಬಹುದು. ಕಂಪ್ಯೂಟರಿಗೆ ಒಮ್ಮೆ ಹಾಕಿಕೊಂಡರೆ ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತದೆ. ಮಕ್ಕಳು ತುಣುಕುಗಳನ್ನು ಜೋಡಿಸಿ ಆಟ ಕಟ್ಟಬಹುದು, ಇನ್ನೊಬ್ಬರು ಕಟ್ಟಿದ್ದನ್ನು ಬಿಚ್ಚಿ ನೋಡಿ ಬದಲಾಯಿಸಬಹುದು. ಶಿಕ್ಷಕ ಮಿತ್ರರೇ, ನಿಮ್ಮ ಮಕ್ಕಳಿಗೆ ಮೊದಲ ಪಾಠವಾಗಿ ಚೌಕಾಬಾರವನ್ನೇ ಕೊಡಿ. ಹೊಡೆಯದೆ ಒಳಮನೆಗೆ ಹೋಗಬಹುದೇ, ಬೇಡವೇ ಎಂಬುದನ್ನು ತರಗತಿಯೇ ಚರ್ಚಿಸಿ ತೀರ್ಮಾನಿಸಲಿ. ತಾವು ತೀರ್ಮಾನಿಸಿದ ಕಟ್ಟಳೆಯಂತೆ ಯಂತ್ರ ನಡೆಯುವುದನ್ನು ಒಮ್ಮೆ ಕಂಡ ಮಗು, ಮುಂದೆ ಯಾವ ಆಟ ಕೈಗೆ ಬಂದರೂ ‘ಇದು ಹೀಗೇ ಏಕಿರಬೇಕು?’ ಎಂದು ಕೇಳದೆ ಬಿಡದು.