ಹಣ ಎಲ್ಲಿ ದುಡಿಯುತ್ತಿದೆ?



ಹೋದ ತಿಂಗಳು ದುಶ್ಚಟಗಳ ವಿರುದ್ಧ ಮಾತನಾಡಿ ವೇದಿಕೆ ಇಳಿದಾಗ ಹುಡುಗನೊಬ್ಬ ಕೇಳಿದ: “ಸರ್, ನಿಮ್ಮ ಮ್ಯೂಚುವಲ್ ಫಂಡಿನಲ್ಲಿ ಸಿಗರೇಟು ಕಂಪನಿಯ ಷೇರು ಇಲ್ಲವೇ?” ಮನೆಗೆ ಹೋಗಿ ನೋಡಿದೆ. ಇತ್ತು. ಮೊದಲು ಹೊಳೆದದ್ದು ಸಬೂಬು: ನನ್ನೊಬ್ಬನ ಹಣದಿಂದ ಏನಾದೀತು?

ಆಗ ಲಿಯಾನ್ ಸಲಿವನ್ ನೆನಪಾದರು. ಅಮೆರಿಕದ ಕಪ್ಪು ಜನಾಂಗದ ಪಾದ್ರಿ. 1971ರಲ್ಲಿ ಜನರಲ್ ಮೋಟಾರ್ಸ್ ನಿರ್ದೇಶಕ ಮಂಡಳಿ ಸೇರಿದರು. ವರ್ಣಭೇದದ ದಕ್ಷಿಣ ಆಫ್ರಿಕದಲ್ಲಿ ಆ ಕಂಪನಿಗೆ ಕಾರ್ಖಾನೆಯಿತ್ತು. ಅಲ್ಲಿನ ಅಮೆರಿಕನ್ ಕಂಪನಿಗಳಿಗೆ 1977ರಲ್ಲಿ ಅವರು ನಿಯಮ ಬರೆದುಕೊಟ್ಟರು: ಕರಿಯರೂ ಬಿಳಿಯರೂ ಒಂದೇ ಕಡೆ ಉಣ್ಣಲಿ, ಸಮ ಕೆಲಸಕ್ಕೆ ಸಮ ಸಂಬಳವಿರಲಿ. ನೂರಕ್ಕೂ ಹೆಚ್ಚು ಕಂಪನಿಗಳು ಸಹಿ ಹಾಕಿದವು. ಆದರೆ ಒಳಗೆ ಜೊತೆಯಲ್ಲಿ ಉಂಡ ಕರಿಯ ಕಾರ್ಮಿಕನಿಗೆ ಗೇಟಿನಾಚೆ ಮತದ ಹಕ್ಕೇ ಇರಲಿಲ್ಲ. 1987ರಲ್ಲಿ ಸಲಿವನ್, ನನ್ನ ನಿಯಮಗಳು ಸಾಲಲಿಲ್ಲ, ಕಂಪನಿಗಳು ಹೊರಬರಲಿ ಎಂದು ಬಹಿರಂಗವಾಗಿ ಹೇಳಿದರು. ಹತ್ತು ವರ್ಷದ ತಮ್ಮದೇ ದುಡಿಮೆಯ ಬಗ್ಗೆ ಹೀಗೆ ಹೇಳಲು ಎಷ್ಟು ಎದೆಗಾರಿಕೆ ಬೇಕು!

ಬ್ರಿಟನ್ನಿನಲ್ಲಿ ಥ್ಯಾಚರ್ ವರ್ಣಭೇದ ತಪ್ಪೆನ್ನುತ್ತಲೇ ಆರ್ಥಿಕ ದಿಗ್ಬಂಧನವನ್ನು ವಿರೋಧಿಸುತ್ತಿದ್ದರು. ಅಲ್ಲಿನ ವಿದ್ಯಾರ್ಥಿಗಳು ಭಾಷಣಕ್ಕೆ ಕಾಯಲಿಲ್ಲ. ಬಾರ್ಕ್ಲೇಸ್ ಬ್ಯಾಂಕನ್ನು ವರ್ಷಗಟ್ಟಲೆ ಬಹಿಷ್ಕರಿಸಿದರು. ವಿದ್ಯಾರ್ಥಿಯ ಖಾತೆಯಲ್ಲಿ ಎಷ್ಟು ಹಣವಿದ್ದೀತು, ಹೇಳಿ? 1986ರಲ್ಲಿ ಬ್ಯಾಂಕು ಅಲ್ಲಿನ ಪಾಲು ಮಾರಿ ಹೊರಬಂತು.

ನಾನೂ ಆ ಫಂಡಿನಿಂದ ಹಣ ತೆಗೆದೆ, ಹುಡುಗನಿಗೆ ಫೋನ್ ಮಾಡಿ ಒಪ್ಪಿಕೊಂಡೆ. ಅವನು ಸುಮ್ಮನಾಗಲಿಲ್ಲ: “ನಮ್ಮ ಸಂಘದ ಹಣ ಎಲ್ಲಿದೆ ಸರ್?”

ಖಜಾಂಚಿಗಳು ಇಲ್ಲೇ ಮುಂದಿನ ಸಾಲಿನಲ್ಲಿದ್ದಾರೆ. ಕೇಳೋಣ.